ಹುಣಸೆಹಣ್ಣು ಮತ್ತು ಸೊಸೆಯ ಕಾರು

ಹಬ್ಬ ಹತ್ತಿರ ಬಂತೆಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳೆಲ್ಲ ಕೆಳಗಿಳಿಯಬೇಕು. ನೆನೆಸಿದ ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಒಂದೊಂದನ್ನೂ ತಿಕ್ಕಿ, ತೊಳೆದು, ಬಿಸಿಲಿಗೆ ಕವುಚಿ ಹಾಕಿದರೇನೇ ಮನಸ್ಸಿಗೆ ಸಮಾಧಾನ. ತಿಕ್ಕಿದರೆ ಹೊಳೆಯದ್ದು ಯಾವುದೂ ಇಲ್ಲ ಎನ್ನುವುದು ನನ್ನ ಬಹಳ ಕಾಲದ ನಂಬಿಕೆ. ಮಕ್ಕಳನ್ನೂ ಅವರ ಅಪ್ಪನನ್ನೂ ಇದೇ ನಂಬಿಕೆಯಿಂದ ತಿಕ್ಕಿದವಳು ನಾನು.

2022ರ ಆಯುಧಪೂಜೆಯ ಹಿಂದಿನ ದಿನ. ಶಿವಮೊಗ್ಗದ ನಮ್ಮ ಮನೆಯಂಗಳದಲ್ಲಿ ಸೊಸೆಯ ಹೊಸ ಕಾರು ನಿಂತಿತ್ತು. ಭದ್ರಾವತಿಯ ಬ್ಯಾಂಕಿಗೆ ದಿನವೂ ಓಡಾಡುವ ಅವಳು ತನ್ನ ಸಂಬಳದಲ್ಲೇ ಕೊಂಡ ಕಾರು ಅದು. ಅಂದು ಬಸ್ಸಿನಲ್ಲಿ ಹೋಗಿದ್ದಳು. ಮುಂದಿನ ಚಕ್ರಗಳ ಮೇಲೆ ಕಪ್ಪು ಮಸಿ ಕೂತಿದ್ದು ನನ್ನ ಕಣ್ಣಿಗೆ ಬಿತ್ತು. ನಾಳೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುವ ಚಕ್ರ ಹೀಗಿರಬಹುದೇ? ಬಟ್ಟಲಿನಲ್ಲಿ ಹುಣಸೆಹಣ್ಣು ಹೇಗೂ ಮಿಕ್ಕಿತ್ತು. ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಹಿಡಿದು ಕೂತೇಬಿಟ್ಟೆ. ನಾಲ್ಕು ಚಕ್ರ ಮುಗಿಯುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು.

ಸಂಜೆ ಸೊಸೆ ಬಂದಳು. ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬೆರಳಾಡಿಸಿದಳು. ಗೀರುಗಳು ನನಗೂ ಆಗಲೇ ಕಂಡವು. "ಪರವಾಗಿಲ್ಲ ಬಿಡಿ ಅತ್ತೆ" ಎಂದು ಒಳಗೆ ಹೋದಳು. ಆ 'ಪರವಾಗಿಲ್ಲ' ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮೈಮುರಿದು ದುಡಿದವಳಿಗೆ ಒಂದು ಒಳ್ಳೆಯ ಮಾತಿಲ್ಲವೇ? ರಾತ್ರಿ ತಂಗಿಗೆ ಫೋನು ಮಾಡಿ, "ಒಂದು ಚಕ್ರಕ್ಕೆ ಮುಖ ಊದಿಸಿಕೊಂಡು ಕೂತಿದ್ದಾಳೆ ಕಣೇ" ಎಂದು ಗಟ್ಟಿಯಾಗಿಯೇ ಹೇಳಿದೆ. ಪಕ್ಕದ ಕೋಣೆಗೆ ಕೇಳಿಸಲಿ ಎಂಬ ಆಸೆಯೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮರುವರ್ಷದ ಮಳೆಗಾಲದಲ್ಲಿ ಚಕ್ರಗಳ ಮೇಲೆ ಎರೆಹುಳು ಹರಿದ ಗುರುತಿನ ಹಾಗೆ ಬಿಳಿಯ ಗೆರೆಗಳು ಮೂಡಿದವು. ಸೊಸೆ ಚಕ್ರ ರಿಪೇರಿಯವರ ಹತ್ತಿರ ಹೊರಟಾಗ, ತರಕಾರಿ ತರುವ ನೆಪದಲ್ಲಿ ನಾನೂ ಹತ್ತಿ ಕೂತೆ.

ಅಂಗಡಿಯಾತ ಬಿಡಿಸಿ ಹೇಳಿದ. ಇವು ಕಬ್ಬಿಣದವಲ್ಲ, ಅಲ್ಯೂಮಿನಿಯಂ ಮಿಶ್ರಲೋಹದ ಅಲಾಯ್ ಚಕ್ರಗಳು. ಮುಖವನ್ನು ಲೇತ್ ಯಂತ್ರದಲ್ಲಿ ತೆಳುವಾಗಿ ಕೆತ್ತಿ ಹೊಳಪು ಬರಿಸಿರುತ್ತಾರೆ. ಹತ್ತಿರದಿಂದ ನೋಡಿದರೆ ಹಳೆಯ ಗ್ರಾಮಫೋನ್ ತಟ್ಟೆಯ ಹಾಗೆ ನವಿರಾದ ಸುತ್ತುಗೆರೆಗಳು ಕಾಣುತ್ತವೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ವಾರ್ನಿಷಿನ ಪದರ. ಹೊಳಪನ್ನು ಕಾಯುವುದು ಆ ಪದರವೇ. ಅದು ಗೀರಿತೋ, ನೀರು ಒಳಗಿಳಿದು ಲೋಹ ಬೆಳ್ಳಗೆ ಕೊಳೆಯತೊಡಗುತ್ತದೆ. ಮತ್ತೆ ಲೇತಿಗೆ ಹಾಕಿ ಕೆತ್ತಬಹುದು, ಆದರೆ ಪ್ರತಿ ಸಲವೂ ಲೋಹ ಸವೆಯುವುದರಿಂದ ಅದನ್ನು ಮೇಲಿಂದ ಮೇಲೆ ಮಾಡುವಂತಿಲ್ಲ.

ಅಲ್ಯೂಮಿನಿಯಂ! ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಇಡಬೇಡವೆಂದು ನನ್ನ ಅಮ್ಮ ಹೇಳಿದ್ದಳು. ಅದನ್ನೇ ನಾನು ಸೊಸೆಗೆ ಎಷ್ಟು ಸಲ ಹೇಳಿದ್ದೆನೋ. ಚಕ್ರವೂ ಅದೇ ಜಾತಿಯದೆಂದು ನನಗೆ ಹೊಳೆಯಲಿಲ್ಲ, ಕೇಳೋಣವೆಂದೂ ಅನ್ನಿಸಲಿಲ್ಲ.

"ಯಾರಮ್ಮ ಇದನ್ನು ಹೀಗೆ ಉಜ್ಜಿದ್ದು?" ಎಂದು ಅಂಗಡಿಯಾತ ಕೇಳಿದ. ನಾನು ತಲೆ ತಗ್ಗಿಸಿದೆ.

"ನಾನೇ. ಹೊಸದರಲ್ಲಿ ಗೊತ್ತಾಗಲಿಲ್ಲ" ಎಂದಳು ಸೊಸೆ.

ವಾಪಸು ಬರುವಾಗ ದಾರಿಯಲ್ಲಿ ಕೇಳಿದೆ: "ನಮ್ಮತ್ತೆ ಉಜ್ಜಿದ್ದು ಎನ್ನಬಹುದಿತ್ತಲ್ಲ?"

"ಮನೆ ಮಾತು ಅವರಿಗೇಕೆ ಅತ್ತೆ" ಎಂದು ಗೇರು ಬದಲಿಸಿದಳು. ತಂಗಿಗೆ ನಾನು ಮಾಡಿದ ಫೋನು ನೆನಪಾಗಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಫುಟ್‌ಪಾತಿನ ಅಂಚಿಗೂ ಉಜ್ಜಿಕೊಂಡಿದ್ದ ಒಂದು ಚಕ್ರವನ್ನು ಕೆತ್ತಿಸಿ ಹೊಸ ಪದರ ಹಾಕಿಸಿದೆವು. ಮಿಕ್ಕ ಮೂರು ಹಾಗೆಯೇ ಇವೆ. ಈಗ ಭಾನುವಾರದ ಬೆಳಗ್ಗೆ ನಾವಿಬ್ಬರೂ ಕೂಡಿಯೇ ತೊಳೆಯುತ್ತೇವೆ. ಕಾರು ಓಡಿಸಿ ತಂದ ಕೂಡಲೇ ತೊಳೆಯುವಂತಿಲ್ಲ, ಚಕ್ರ ತಣ್ಣಗಾಗಿರಬೇಕು. ಮೊದಲು ಬರೀ ನೀರು ಹಾಯಿಸಿ ಮರಳು ಇಳಿಸುವುದು. ಆಮೇಲೆ ಖಾರವೂ ಹುಳಿಯೂ ಇಲ್ಲದ ಕಾರಿನ ಶ್ಯಾಂಪೂ, ಮೆತ್ತನೆಯ ಬ್ರಷ್ಷು, ಚಕ್ರಕ್ಕೆಂದೇ ಬೇರೆ ಬಕೆಟ್ಟು. ಒಂದು ಚಕ್ರ ತೊಳೆದು ಜಾಲಿಸಿ, ಹಳೆಯ ಮೆತ್ತನೆಯ ಪಂಚೆಯಿಂದ ಒರೆಸಿದ ಮೇಲೆಯೇ ಇನ್ನೊಂದಕ್ಕೆ ಕೈ. ನಾನು ಮಸಿ ಎಂದುಕೊಂಡದ್ದು ಬ್ರೇಕು ಸವೆದು ಉದುರುವ ಪುಡಿಯಂತೆ. ಅದರಲ್ಲಿ ಕಬ್ಬಿಣದ ಕಣವಿರುವುದರಿಂದ ಬಹಳ ದಿನ ಬಿಟ್ಟರೆ ತುಕ್ಕಾಗಿ ಕಚ್ಚಿಕೊಳ್ಳುತ್ತದೆ. ವಾರ ವಾರ ತೊಳೆದರೆ ತಿಕ್ಕುವ ಪ್ರಮೇಯವೇ ಬರುವುದಿಲ್ಲ.

ಹಬ್ಬಕ್ಕೆ ಹಿತ್ತಾಳೆಯನ್ನು ಈಗಲೂ ತಿಕ್ಕುತ್ತೇನೆ, ಅದಕ್ಕೆ ತಿಕ್ಕಿದಷ್ಟೂ ಕಳೆ. ಆದರೆ ಹುಣಸೆಹಣ್ಣಿನ ಬಟ್ಟಲು ಹಿಡಿದು ಅಂಗಳಕ್ಕೆ ಬರುವ ಮುಂಚೆ, "ಇದಕ್ಕೆ ಹಾಕಬಹುದೇನಮ್ಮ?" ಎಂದು ಸೊಸೆಯನ್ನು ಒಂದು ಮಾತು ಕೇಳುತ್ತೇನೆ. ಅವಳು ನಗುತ್ತಾಳೆ. ಬಿಸಿಲು ಬಿದ್ದಾಗ ಆ ಮೂರು ಚಕ್ರಗಳ ಗೀರುಗಳು ಎದ್ದು ಕಾಣುತ್ತವೆ. ಅವನ್ನೂ ಕೆತ್ತಿಸೋಣವೆಂದರೆ ಅವಳೇ ಬೇಡವೆನ್ನುತ್ತಾಳೆ.