ಕಿಟಕಿ ಮೊದಲು, ಗೋಡೆ ಆಮೇಲೆ

ನಮ್ಮಲ್ಲಿ ದಾನಿಗಳಿಗೆ ಬರವಿಲ್ಲ. ಹೆಸರು ಬರೆಸಲು ಜಾಗವೊಂದಿದ್ದರೆ ಸಾಕು. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ‘ಇಂಥವರ ಸೇವಾರ್ಥ’, ‘ಇಂಥವರ ಸ್ಮರಣಾರ್ಥ’ ಎಂದು ಬರೆದೂ ಬರೆದೂ ಬೆಳಕು ಹೊರಬರುವುದಕ್ಕೇ ದಾರಿ ಇರುವುದಿಲ್ಲ. ಫ್ಯಾನಿನ ರೆಕ್ಕೆಗೆ ಹೆಸರು ಬರೆಸಿದವರ ಪಾಡು ಇನ್ನೂ ವಿಚಿತ್ರ. ಕರೆಂಟು ಹೋದಾಗಷ್ಟೇ ಅವರ ಕೀರ್ತಿ ಜನರ ಕಣ್ಣಿಗೆ ಬೀಳುತ್ತದೆ.

ಇದನ್ನು ಇನ್ನಷ್ಟು ಗೇಲಿ ಮಾಡೋಣವೆಂದರೆ ಲಂಡನ್ನಿನ ಒಂದು ಕಿಟಕಿ ಅಡ್ಡ ಬರುತ್ತದೆ. 1948ರಲ್ಲಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯಹೂದಿ ಕ್ಯಾನ್ಸರಿನಿಂದ ಸಾಯುತ್ತಿದ್ದ. ಪರದೇಶ, ತನ್ನವರೆಂಬುವರು ಹತ್ತಿರದಲ್ಲಿಲ್ಲ. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ದುಡಿಯುತ್ತಿದ್ದ ಸಿಸಿಲಿ ಸಾಂಡರ್ಸ್ ಅವನ ಪಕ್ಕ ಕೂತು ಮಾತಾಡುತ್ತಿದ್ದಳು. ಸಾಯುವವರಿಗೆ ಇಂಥ ಗಲಾಟೆಯ ವಾರ್ಡಲ್ಲ, ಬೇರೆಯದೇ ಒಂದು ಮನೆ ಬೇಕು ಎಂಬ ಯೋಚನೆ ಆ ಮಾತುಕತೆಯಲ್ಲೇ ಮೊಳೆಯಿತು. ಅವನು 500 ಪೌಂಡ್ ಬಿಟ್ಟುಹೋದ, ಆ ಮನೆಗೆ ತಾನೊಂದು ಕಿಟಕಿಯಾಗಿರುತ್ತೇನೆ ಅಂತ. ಮನೆ ಎಲ್ಲಿತ್ತು? ಆಕೆ ಡಾಕ್ಟರಿಕೆ ಓದಿ, ಹಣ ಕೂಡಿಸಿ, ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಎಂಬ ಆ ಮನೆಯನ್ನು ತೆರೆಯುವ ಹೊತ್ತಿಗೆ 1967. ಕಿಟಕಿ ಸಿಕ್ಕ ಮೇಲೆ ಗೋಡೆ ಏಳಲು ಹತ್ತೊಂಬತ್ತು ವರ್ಷ!

ನಮ್ಮ ಬೆಂಗಳೂರಿನ ಕರುಣಾಶ್ರಯ ಎಂಬ ಹಾಸ್ಪೈಸಿನಲ್ಲೂ ಗೋಡೆ ಆಮೇಲೆಯೇ ಬಂದದ್ದು. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿಯವರು ಸೇರಿ 1994ರಲ್ಲಿ ಟ್ರಸ್ಟ್ ಕಟ್ಟಿದರು. ಮೊದಲು ಶುರುವಾದದ್ದು ರೋಗಿಗಳ ಮನೆಗೇ ಹೋಗಿ ನೋಡುವ ಕೆಲಸ. ಮಾರತ್ತಹಳ್ಳಿ ಬಳಿಯ ಕಟ್ಟಡದಲ್ಲಿ ರೋಗಿಗಳನ್ನು ಇರಿಸಿಕೊಳ್ಳತೊಡಗಿದ್ದು 1999ರಲ್ಲಿ. ನಡುವೆ ನೀರಿನ ಕೊಳ, ಸುತ್ತ ವಾರ್ಡುಗಳು. ಕ್ಯಾನ್ಸರಿಗೆ ಇನ್ನು ಚಿಕಿತ್ಸೆಯಿಲ್ಲ ಎನಿಸಿಕೊಂಡವರು ಅಲ್ಲಿಗೆ ಬರುತ್ತಾರೆ. ಬಡವನಾಗಲಿ ಸಾಹುಕಾರನಾಗಲಿ, ಬಿಲ್ಲು ಮಾತ್ರ ಇಲ್ಲ. ನಡೆಯುವುದು ದಾನದ ಹಣದಿಂದ. ಆ ಹಣ ಹೋಗುವುದು ಡೈಪರಿಗೆ, ಹತ್ತಿಗೆ, ವ್ಯಾನಿನ ಡೀಸೆಲ್ಲಿಗೆ, ನರ್ಸುಗಳ ಸಂಬಳಕ್ಕೆ. ಇವುಗಳ ಮೇಲೆ ಹೆಸರು ಬರೆಸುವ ಉಪಾಯವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

“ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡ್ಹೋಗಿ” ಎಂದು ದೊಡ್ಡಾಸ್ಪತ್ರೆಯವರು ಅಂದಮೇಲೆ ಮಾಡುವುದು ಎಷ್ಟೊಂದು ಇರುತ್ತದೆ! ಬಾಯಿ ಕ್ಯಾನ್ಸರನ್ನೇ ತಗೊಳ್ಳಿ. ಗುಟ್ಕಾ, ಹೊಗೆಸೊಪ್ಪಿನ ಕೃಪೆಯಿಂದ ನಮ್ಮಲ್ಲಿ ಅದಕ್ಕೇನು ಕೊರತೆ. ಕೆನ್ನೆಯ ಹುಣ್ಣು ಒಡೆದು ನಾರತೊಡಗಿದರೆ ಮನೆಯವರು ಊಟದ ತಟ್ಟೆಯನ್ನು ಬಾಗಿಲ ಹತ್ತಿರವೇ ಇಟ್ಟು ಹೋಗುತ್ತಾರೆ. ಪ್ರೀತಿ ಇಲ್ಲವೆಂದಲ್ಲ, ಮೂಗು ಕೇಳುವುದಿಲ್ಲ. ಹಾಸ್ಪೈಸಿನ ನರ್ಸು ಬರುತ್ತಾಳೆ, ಹುಣ್ಣು ತೊಳೆಯುತ್ತಾಳೆ, ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಅದರ ಮೇಲೆ ಉದುರಿಸಿ ಬಟ್ಟೆ ಕಟ್ಟುತ್ತಾಳೆ. ಭೇದಿಗೆ ನಾವು ನುಂಗುತ್ತೇವಲ್ಲ, ಅದೇ ಅಗ್ಗದ ಮಾತ್ರೆ. ನಾಲ್ಕಾರು ದಿನದಲ್ಲಿ ವಾಸನೆ ಇಳಿಯುತ್ತದೆ, ಮೊಮ್ಮಗಳು ಮಂಚ ಹತ್ತಿ ಕೂರುತ್ತಾಳೆ. ಕ್ಯಾನ್ಸರ್ ಇದ್ದ ಹಾಗೇ ಇದೆ. ಆದರೂ ಇದು ವೈದ್ಯವಲ್ಲ ಅನ್ನುವವರ ಜೊತೆ ವಾದಿಸಲು ನಾನು ತಯಾರಿಲ್ಲ.

ಇನ್ನು ನೋವಿನ ಮಾತು. ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಚಾಪೆ ಹಿಡಿಯದ ಕನ್ನಡಿಗರು ಯಾರಿದ್ದಾರೆ? ಆ ಗಿಡದ ಕಾಯಿ ಗೀರಿದಾಗ ಬರುವ ಹಾಲೇ ಅಫೀಮು, ಅದರಿಂದಲೇ ನೋವು ಇಳಿಸುವ ಮಾರ್ಫಿನ್. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ರೈತರು ಸರ್ಕಾರದ ಲೈಸೆನ್ಸ್ ಪಡೆದು ಆ ಗಿಡ ಬೆಳೆಯುತ್ತಾರೆ. ನೀಮಚ್, ಘಾಜಿಪುರಗಳಲ್ಲಿ ಸರ್ಕಾರಿ ಕಾರ್ಖಾನೆಗಳಿವೆ. ನಮ್ಮ ಅಫೀಮು ಹಡಗು ಹತ್ತಿ ಹೊರದೇಶದವರ ನೋವಿಗೂ ಮದ್ದಾಯಿತು. ಇಲ್ಲಿ ಮಾತ್ರ 1985ರ ಮಾದಕವಸ್ತು ಕಾಯಿದೆ ಬಂದಮೇಲೆ ಪರವಾನಗಿಗಳ ರಗಳೆಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿಯಾಗಿ ರಗಳೆ ತಗ್ಗಿತು, ಹೆದರಿಕೆ ಅಷ್ಟು ಬೇಗ ತಗ್ಗಲಿಲ್ಲ. ಹಾಸ್ಪೈಸಿನವರು ನೋವು ಬರಲಿ ಎಂದು ಕಾಯದೆ ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ ಕೊಡುತ್ತಾರೆ. ತಿಂಗಳೊಪ್ಪತ್ತು ಬದುಕುವ ಅಜ್ಜನ ಬಗ್ಗೆ “ಚಟ ಹತ್ತಿಬಿಟ್ರೆ ಏನ್ ಗತಿ ಡಾಕ್ಟ್ರೇ?” ಎಂದು ಕೇಳುವ ಮಕ್ಕಳಿದ್ದಾರೆ. ಅದೇ ಮಕ್ಕಳು ಹೊರಗೆ ಬಂದು, “ಕ್ಯಾನ್ಸರ್ ಅಂತ ಅಪ್ಪನಿಗೆ ಹೇಳ್ಬೇಡಿ” ಎಂದು ಪಿಸುಗುಟ್ಟುತ್ತಾರೆ. ಒಳಗೆ ಅಪ್ಪ ನರ್ಸಿನ ಕೈ ಹಿಡಿದು, “ನಂಗೆಲ್ಲಾ ಗೊತ್ತಮ್ಮ, ಹುಡುಗರಿಗೆ ಹೇಳ್ಬೇಡ, ಹೆದರ್ಕೋತಾರೆ” ಅನ್ನುತ್ತಾನೆ. ಎರಡೂ ಕಡೆಯ ಗುಟ್ಟು ಹೊತ್ತು ಓಡಾಡುವ ಕೆಲಸವೂ ನರ್ಸಿನದೇ.

ಇಂಥ ರೋಗಿಗಳನ್ನು ನೋಡಿಕೊಳ್ಳುವ ವಿಷಯದಲ್ಲಿ ಕೇರಳದವರು ನಮಗಿಂತ ಜಾಣರು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮುಂತಾದವರು ಶುರುಮಾಡಿದ ಸಣ್ಣ ಕ್ಲಿನಿಕ್ ಊರೂರಿಗೆ ಹಬ್ಬಿತು. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಡಬ್ಬಿ, ಅದಕ್ಕೆ ಬೀಳುವ ಚಿಲ್ಲರೆ, ತರಬೇತಿ ಪಡೆದ ನೆರೆಹೊರೆಯವರೇ ಸ್ವಯಂಸೇವಕರು. ಹಾಸಿಗೆ ಹಿಡಿದವರ ಮನೆಗೆ ಬರುವವರು ಪರಿಚಯದವರೇ. ನಮ್ಮಲ್ಲೂ ನೆರೆಹೊರೆಯವರು ಬರುವುದಿಲ್ಲವೆಂದಲ್ಲ. ಮೂಸಂಬಿ, ಹಾರ್ಲಿಕ್ಸ್ ಹಿಡಿದು ಬರುತ್ತಾರೆ, ತಮಗೆ ಗೊತ್ತಿದ್ದ ಕ್ಯಾನ್ಸರ್ ರೋಗಿಗಳೆಲ್ಲ ಹೇಗೆ ಸತ್ತರೆಂದು ವಿವರವಾಗಿ ಹೇಳುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ಅರ್ಧ ಗಂಟೆ ರೋಗಿಯ ಪಕ್ಕ ಕೂತು, ಹಗಲಿರುಳು ನೋಡಿಕೊಳ್ಳುವ ಸೊಸೆಗೆ ಒಂದು ನಿದ್ದೆ ತೆಗೆಯಲು ಬಿಟ್ಟರೆ ಹಾರ್ಲಿಕ್ಸ್ ತರದಿದ್ದರೂ ನಡೆಯುತ್ತದೆ.

“ಆಶ್ರಮಕ್ಕೆ ತಳ್ಳಿಬಿಟ್ರು ಅಂತ ಜನ ಆಡ್ಕೊಳ್ತಾರೆ” ಎಂಬ ಭಯಕ್ಕೆ ಮನೆಯವರು ಹಾಸ್ಪೈಸಿನವರನ್ನು ಕೇಳದೆ ಕೊನೆಗಳಿಗೆಯವರೆಗೂ ಕಾಯುತ್ತಾರೆ. ಆಡಿಕೊಳ್ಳುವ ಜನ ರಾತ್ರಿ ಎರಡು ಗಂಟೆಗೆ ಮಗ್ಗುಲು ಹೊರಳಿಸಲು ಬರುವುದಿಲ್ಲ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಂಥ ರೋಗಿಗಳಿದ್ದರೆ ಕೊನೆಯ ವಾರಕ್ಕೆಂದು ಕಾಯಬೇಡಿ, ಈಗಲೇ ಕರುಣಾಶ್ರಯಕ್ಕೆ ಫೋನ್ ಮಾಡಿ ಕೇಳಿ. ಅವರಿಗೆ ದುಡ್ಡು ಕೊಡಬೇಕಾಗಿಲ್ಲ. ರೋಗಿಯ ಆಸ್ಪತ್ರೆಯ ಕಾಗದಪತ್ರ ಕೈಲಿಟ್ಟುಕೊಂಡು ಮಾತಾಡಿ.