ಬೀಗ ಬಿದ್ದ ಮನೆಯ ನಾಯಿ

ಮನೆಗೆ ಬೀಗ ಹಾಕಿ ಹೋದವರು ಸಂಜೆ ಮರಳಿದಾಗ ಜೋಡಿ ಚಪ್ಪಲಿಯಲ್ಲಿ ಒಂದು ಮಂಚದ ಕೆಳಗೆ ಸೇರಿರುತ್ತದೆ, ಹೊದ್ದು ಬಿಟ್ಟ ಚಾದರ ನಾಯಿ ಮಲಗುವ ಮೂಲೆಗೆ ಹೋಗಿರುತ್ತದೆ, ಕಾಲುಚೀಲದ ಪತ್ತೆಯೇ ಇರುವುದಿಲ್ಲ. ಆಗ ಥಟ್ಟನೆ ಬಾಯಿಗೆ ಬರುವ ಮಾತು ‘ಕಳ್ಳ ನಾಯಿ’. ಈ ಆರೋಪ ಸಲ್ಲದು ಎಂಬುದು ನನ್ನ ವಾದ. ಕಳವು ಎನ್ನಬೇಕಾದರೆ ವಸ್ತು ಬೇರೆಯವರದು ಎಂಬ ಅರಿವಿರಬೇಕು, ಕದ್ದವನಿಗೆ ಅದರಿಂದ ಏನಾದರೂ ದಕ್ಕಬೇಕು. ನಾಯಿ ಒಯ್ದ ಸಾಮಾನುಗಳನ್ನು ಸಾಲಾಗಿಟ್ಟು ನೋಡಿ: ಮಡಚಿಟ್ಟ ಬಟ್ಟೆಯನ್ನು ಬಿಟ್ಟು ಉಟ್ಟು ಬಿಸಾಕಿದ್ದನ್ನು ಆರಿಸಿರುತ್ತದೆ, ಹೊಸ ಬೂಟಿನ ಪಕ್ಕದಲ್ಲಿದ್ದ ಸವೆದ ಚಪ್ಪಲಿಯನ್ನು ಕಚ್ಚಿಕೊಂಡು ಹೋಗಿರುತ್ತದೆ. ಒಗೆಯದ ದಿಂಬಿನ ಚೀಲ, ದಿನವೂ ಕೈಯಲ್ಲಿ ಆಡುವ ಟಿವಿ ರಿಮೋಟು ಕೂಡ ಆ ಸಾಲಿನಲ್ಲಿರುತ್ತವೆ. ಬೆಲೆಯಲ್ಲಿ ಇವು ಒಂದಕ್ಕೊಂದು ಹೊಂದುವುದಿಲ್ಲ. ಎಲ್ಲಕ್ಕೂ ಅಂಟಿರುವುದು ಒಂದೇ, ಮನೆಯವರ ಬೆವರು.

ನಾಯಿಗೆ ಆ ಬೆವರೇ ಮನುಷ್ಯನ ಗುರುತು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಬರ್ನ್ಸ್ ಮತ್ತು ಸಂಗಡಿಗರು 12 ನಾಯಿಗಳನ್ನು ಎಂಆರ್‌ಐ ಯಂತ್ರದೊಳಗೆ ಅಲುಗದೆ ಮಲಗಲು ಕಲಿಸಿ, ಅವುಗಳ ಮೂಗಿಗೆ ಐದು ಬಗೆಯ ವಾಸನೆ ಹಿಡಿದರು: ತನ್ನದೇ ವಾಸನೆ, ಪರಿಚಿತ ನಾಯಿಯದು, ಅಪರಿಚಿತ ನಾಯಿಯದು, ಮನೆಯ ಮನುಷ್ಯನದು, ಹೊರಗಿನವನದು. ಒಳಿತೇನೋ ಬರಲಿದೆ ಎಂದು ನಿರೀಕ್ಷಿಸುವಾಗ ಚುರುಕಾಗುವ ಮಿದುಳಿನ ಭಾಗ ಎಲ್ಲಕ್ಕಿಂತ ಹೆಚ್ಚು ಮಿಡಿದದ್ದು ಮನೆಯ ಮನುಷ್ಯನ ವಾಸನೆಗೆ. 2015ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನನ್ನ ಮನಸ್ಸು ನಿಲ್ಲುವುದು ಒಂದು ಸಂಗತಿಯ ಮೇಲೆ. ಆ ಮನುಷ್ಯ ಅಲ್ಲಿರಲಿಲ್ಲ. ವಾಸನೆ ಹೊತ್ತ ಬಟ್ಟೆಯ ಚೂರಷ್ಟೇ ಇತ್ತು, ನಾಯಿಗೆ ಅಷ್ಟೇ ಸಾಕಾಯಿತು. ಬೀಗ ಬಿದ್ದ ಮನೆಯಲ್ಲಿ ಹಳೆಯ ಚಪ್ಪಲಿ ಮಾಡುವ ಕೆಲಸವೂ ಇದೇ.

ಈ ಮಾತನ್ನು ಮುಧೋಳ ತಾಲ್ಲೂಕಿನ ತಿಮ್ಮಾಪುರದ ಎದುರಿಗಿಟ್ಟು ಪರೀಕ್ಷಿಸಬೇಕು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಮುಧೋಳ ನಾಯಿಯ ತಳಿಯನ್ನು ಕಾಪಾಡುತ್ತಿರುವುದು ಅಲ್ಲಿಯೇ. ಬೇಡರ ಬೇಟೆಗೆ ಜೊತೆಯಾಗಿದ್ದ, ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಅಕ್ಕರೆಯಿಂದ ಬೆಳೆಸಿದ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, 2016ರಲ್ಲಿ ಸೇನೆಯ ತರಬೇತಿಗೆ ಮೀರತ್‌ಗೆ ಹೋದ ತಳಿಯದು. ಇದು ಕಣ್ಣನ್ನು ನಂಬಿ ಬೆನ್ನಟ್ಟುವ ನಾಯಿ, ಇದಕ್ಕೆ ಮೂಗಿನ ಮಾತು ಹೇಗೆ ಹೊಂದೀತು ಎಂದು ಯಾರಾದರೂ ಕೇಳಬಹುದು. ಕಣ್ಣಿಗೆ ಕೆಲಸ ಸಿಗುವುದು ಎದುರಿಗೆ ಏನಾದರೂ ಓಡಿದಾಗ. ಬಯಲಲ್ಲಿ ಮೊಲವಿತ್ತು, ಮುಚ್ಚಿದ ಕೋಣೆಯಲ್ಲಿ ಏನೂ ಅಲುಗುವುದಿಲ್ಲ. ಉಳಿಯುವುದು ಮೂಗು, ಅದರ ಜೊತೆಗೆ ಓಡಿ ಹಿಡಿದು ಬಾಯಲ್ಲಿ ಕಚ್ಚುವ, ತಲೆಮಾರುಗಳಿಂದ ಬಂದ ತವಕ. ಹೊರಗಿನವರು ಮುಟ್ಟಿದರೂ ಸಹಿಸದ ಈ ಜಾತಿ ತನ್ನವರನ್ನು ಅಷ್ಟೇ ಬಿಗಿಯಾಗಿ ಹಚ್ಚಿಕೊಳ್ಳುತ್ತದೆ.

ಹಾಗಾದರೆ ತಪ್ಪು ಮಾಡಿದ ನಾಯಿ ಕಿವಿ ಜೋಲಿಸಿ, ಬಾಲ ಮುದುರಿ, ಮುಖ ಮರೆಸುವುದೇಕೆ ಎಂಬ ಪ್ರಶ್ನೆ ಏಳುತ್ತದೆ. ಇದನ್ನು ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ 14 ನಾಯಿಗಳ ಮೇಲೆ ಪರೀಕ್ಷಿಸಿದರು. ತಿನ್ನಬೇಡವೆಂದ ತಿನಿಸನ್ನು ನಾಯಿ ತಿಂದಿತೋ ಇಲ್ಲವೋ ಎಂಬುದನ್ನು ಯಜಮಾನರಿಗೆ ಕೆಲವೊಮ್ಮೆ ತಪ್ಪಾಗಿ ತಿಳಿಸಲಾಯಿತು. ಆ ಮುಖಭಾವಕ್ಕೂ ತಿಂದದ್ದಕ್ಕೂ ನಂಟು ಕಾಣಲಿಲ್ಲ, ಬೈಗುಳಕ್ಕೆ ಇತ್ತು. ಏನೂ ತಿನ್ನದೆ ಬೈಸಿಕೊಂಡ ನಾಯಿಗಳಲ್ಲೇ ಅದು ಹೆಚ್ಚು ಗಾಢವಾಗಿತ್ತು. ನಾವು ತಪ್ಪೊಪ್ಪಿಗೆ ಎಂದು ಓದುವುದು ನಮ್ಮ ಸಿಟ್ಟಿಗೆ ಅದು ಪಡುವ ಅಂಜಿಕೆ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಎಲ್ಲವನ್ನೂ ಅಗಲಿಕೆಯ ಲೆಕ್ಕಕ್ಕೆ ಬರೆಯಬಹುದೇ? ಬರೆಯಲಾಗದು. ನಾಲ್ಕರಿಂದ ಆರು ತಿಂಗಳ ಮರಿಗೆ 28 ಹಾಲುಹಲ್ಲು ಉದುರಿ 42 ಹಲ್ಲು ಬರುವಾಗ ಒಸಡು ನವೆಯುತ್ತದೆ, ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ. ರೊಟ್ಟಿ ಎಳೆದದ್ದು ಹಸಿವಿಗೇ ಇದ್ದೀತು. ಆದರೆ ಇವುಗಳಲ್ಲೂ ಕಳ್ಳತನ ಎಲ್ಲಿದೆ? ನವೆಯಿದೆ, ಹಸಿವಿದೆ, ಬೇಸರವಿದೆ. ಹೀಗೆಂದು ಸುಮ್ಮನಿರಲೂ ಆಗದು. ಕಾಲುಚೀಲ ನುಂಗಿದ ನಾಯಿಗೆ ಕರುಳು ಕಟ್ಟಿ ಪ್ರಾಣಕ್ಕೇ ಕುತ್ತು ಬರಬಹುದು. ತಡೆಯಲೇಬೇಕು, ಆದರೆ ಕಾರಣ ತಿಳಿದು ತಡೆಯಬೇಕು. ತಾಸುಗಟ್ಟಲೆ ಹಿಂದೆ ನಡೆದದ್ದಕ್ಕೆ ಈಗ ಹೊಡೆದರೆ ನಾಯಿ ಕಲಿಯುವ ಪಾಠ ಒಂದೇ: ಯಜಮಾನ ಮನೆಗೆ ಬರುವುದು ಭಯದ ಸಂಗತಿ.

ಬೀಗವೇ ನಾಯಿಯ ಬಾಳಿಗೆ ಹೊಸದು. ಮುಧೋಳದ ಕಬ್ಬಿನ ಸೀಮೆಯ ತೋಟದ ಮನೆಯಲ್ಲಿ ಮಂದಿ ಹೊಲಕ್ಕೆ ಹೋದರೆ ನಾಯಿಯೂ ಹೋಗುತ್ತಿತ್ತು, ಹೋಗದ ದಿನ ಪಡಸಾಲೆಯಲ್ಲಿ ಅಜ್ಜಿಯಾದರೂ ಇರುತ್ತಿದ್ದಳು. ಅದೇ ತಳಿಯ ಮರಿಯನ್ನು ನಗರದ ಫ್ಲ್ಯಾಟಿಗೆ ಒಯ್ದು, ಬೆಳಗಿನಿಂದ ಸಂಜೆಯವರೆಗೆ ಒಂಟಿಯಾಗಿ ಬಿಟ್ಟು, ಚಪ್ಪಲಿ ಮುಟ್ಟಿತೆಂದು ದೂರುವುದು ನ್ಯಾಯವಲ್ಲ. ಹೊರಡುವ ಮೊದಲು ಅದನ್ನು ದಣಿಯುವಷ್ಟು ಓಡಿಸಬೇಕು, ಅಗಿಯಲು ಗಟ್ಟಿಯಾದದ್ದೇನಾದರೂ ಕೊಡಬೇಕು, ನುಂಗಬಹುದಾದ್ದನ್ನು ಎತ್ತಿಡಬೇಕು. ಬಟ್ಟೆ ಹರಿದು ತಿನ್ನುವ ಚಾಳಿ ಇಲ್ಲದ ನಾಯಿಯಾದರೆ, ಮೈ ಒರೆಸಿದ ಹಳೆಯ ಟವೆಲೊಂದನ್ನು ಅದರ ಹಾಸಿಗೆಯ ಮೇಲೆ ಹಾಕಿ ಬಾಗಿಲೆಳೆಯಬೇಕು. ಮನೆಯೆಲ್ಲ ಹುಡುಕಿ ಅದು ತಂದಿಟ್ಟುಕೊಳ್ಳುತ್ತಿದ್ದುದು ಅದನ್ನೇ. ನಾವಾಗಿ ಕೊಟ್ಟು ಹೋದರೆ ಅದಕ್ಕೆ ಹುಡುಕುವ ಪಾಡು ತಪ್ಪುತ್ತದೆ.