ಜಮಖಾನದ ಮೇಲಿನ ಕಂಪ್ಯೂಟರ್

ಮೇಜಿನ ಮೇಲೆ ಕೂತ ಕಂಪ್ಯೂಟರ್ ಒಬ್ಬರದೇ ಆಗಿಬಿಡುತ್ತದೆ. ಕುರ್ಚಿ ಒಂದು, ಕೀಬೋರ್ಡ್ ಒಂದು, ಮೌಸ್ ಒಂದು. ಉಳಿದವರೆಲ್ಲ ಬೆನ್ನ ಹಿಂದೆ ನಿಂತು ಇಣುಕಬೇಕು. ಮೊಬೈಲ್ ಅಂತೂ ಒಬ್ಬರ ಅಂಗೈ ಬಿಟ್ಟು ಕದಲುವುದಿಲ್ಲ, ಮೇಲೆ ಪಾಸ್‌ವರ್ಡ್ ಬೇರೆ. ಆದರೆ ನಮ್ಮ ಕಡೆಯ ಮನೆಗಳಲ್ಲಿ ಹೊಲದ ಲೆಕ್ಕ, ಮಕ್ಕಳ ಓದು, ಬೀಗತನದ ಮಾತು ಎಲ್ಲ ನಡೆಯುವುದು ಪಡಸಾಲೆಯಲ್ಲಿ ಹಾಸಿದ ಜಮಖಾನದ ಮೇಲೆ. ಅಲ್ಲಿ ಎಲ್ಲರ ನಡುವೆ ಇಡುವಂಥ ಕಂಪ್ಯೂಟರ್ ವಿಜಯಪುರದ ನಮ್ಮ ಮನೆಯಲ್ಲೊಂದಿದೆ.

ಹಿಂದಿನ ಆನಿಕೆ ಬಿಡಿಸಿ ನಿಲ್ಲಿಸಿದರೆ ಅದು ಡೆಸ್ಕ್‌ಟಾಪ್. ಆನಿಕೆ ಮಡಚಿ, ವಾಯರ್ ತೆಗೆದು ಮಲಗಿಸಿದರೆ ಪರಾತದಷ್ಟು ಅಗಲದ ಟ್ಯಾಬ್ಲೆಟ್. 2012ರ ಅಕ್ಟೋಬರಿನಲ್ಲಿ ವಿಂಡೋಸ್ 8 ಬಂದು, ಪರದೆ ಮುಟ್ಟಿ ಕೆಲಸ ಮಾಡುವುದು ದೊಡ್ಡ ಯಂತ್ರಗಳಿಗೂ ಹಬ್ಬಿದ ಕಾಲದಲ್ಲಿ ಹುಟ್ಟಿದ ಜಾತಿ ಇದು. ಸೋನಿಯವರು 20 ಇಂಚಿನ ವಾಯೊ ಟ್ಯಾಪ್ ತಂದರು. ಡೆಲ್‌ನವರು 18 ಇಂಚಿನದು, ಲೆನೊವೊದವರು 27 ಇಂಚಿನ ಹೊರೈಜನ್. ಸೋನಿಯದು ಐದು ಕಿಲೋದಷ್ಟು ತೂಕ. ತೊಡೆಯ ಮೇಲಿಟ್ಟುಕೊಳ್ಳಲು ಭಾರ, ಮಾಮೂಲಿ ಡೆಸ್ಕ್‌ಟಾಪಿಗಿಂತ ದುಬಾರಿ. ಕೆಲವೇ ವರ್ಷಗಳಲ್ಲಿ ಇವು ಅಂಗಡಿಯಿಂದ ಮರೆಯಾದವು. ನನಗೆ ಅದರ ಸಂಕಟ ಇನ್ನೂ ಇದೆ. ಕೊಳ್ಳುವವರು ಒಬ್ಬರ ತೊಡೆಯ ಲೆಕ್ಕದಲ್ಲಿ ತೂಗಿದರೇ ಹೊರತು ಮನೆಮಂದಿಯ ಲೆಕ್ಕದಲ್ಲಿ ನೋಡಲಿಲ್ಲ.

ಆ ಲೆಕ್ಕದಲ್ಲಿ ಯೋಚಿಸಿದವರು ನಮ್ಮ ನಾಡಿನಲ್ಲಿಯೇ ಮೊದಲು ಇದ್ದರು. 2001ರ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನವರು ಕೂಡಿ ಸಿಂಪ್ಯೂಟರ್ ರೂಪಿಸಿದರು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಪರದೆ ಮುಟ್ಟಿ ನಡೆಸುವಂಥದ್ದು. ಅದರಲ್ಲಿ ಸ್ಮಾರ್ಟ್ ಕಾರ್ಡಿನ ಸೀಳು ಇತ್ತು. ಯಂತ್ರ ಊರಿನದು, ಕಾರ್ಡ್ ನಿಮ್ಮದು. ನಿಮ್ಮ ಸರದಿ ಬಂದಾಗ ಕಾರ್ಡ್ ಹಾಕಿ ನಿಮ್ಮ ಕೆಲಸ ಮಾಡಿಕೊಂಡು ಮುಂದಿನವರಿಗೆ ಕೊಡುವುದು. 2004ರಲ್ಲಿ ಮಾರುಕಟ್ಟೆಗೂ ಬಂತು, ಆದರೆ ಬೇರೂರಲಿಲ್ಲ. ಒಂದು ಯಂತ್ರವನ್ನು ಹತ್ತು ಜನ ಬಳಸಬೇಕೆಂಬ ಆ ವಿಚಾರ ಮಾತ್ರ ನನಗೆ ಇಂದಿಗೂ ದೊಡ್ಡದಾಗಿಯೇ ಕಾಣುತ್ತದೆ.

ಇನ್ನು ನಮ್ಮ ಯಂತ್ರದ ಬ್ಯಾಟರಿ. ಡೆಸ್ಕ್‌ಟಾಪ್ ಎಂದು ಸದಾ ಕರೆಂಟಿಗೆ ಚುಚ್ಚಿಟ್ಟರೆ ಒಳಗಿನ ಲಿಥಿಯಂ ಬ್ಯಾಟರಿ ಯಾವಾಗಲೂ ತುಂಬಿಯೇ ಇರುತ್ತದೆ, ತುಂಬಿದ ಬ್ಯಾಟರಿ ಸೆಕೆಯಲ್ಲಿ ಬೇಗ ಮುಪ್ಪಾಗುತ್ತದೆ. ವಿಜಯಪುರದ ಬ್ಯಾಸಿಗೆಯೋ, 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಅಂದರೆ ಡೆಸ್ಕ್‌ಟಾಪ್ ಆಗಿ ದುಡಿದಷ್ಟೂ ಅದರೊಳಗಿನ ಟ್ಯಾಬ್ಲೆಟ್ ಸೊರಗುತ್ತದೆ. ಹಾಗಾಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯಲ್ಲಿ ಯಾರಾದರೂ ವಾಯರ್ ತೆಗೆದೇ ತೆಗೆಯುತ್ತಾರೆ. ಆಮೇಲೆ ಅದು ಅವ್ವನ ಪಾಳಿ. ಫ.ಗು. ಹಳಕಟ್ಟಿಯವರು ವಚನಗಳ ತಾಳೆಗರಿ ಕಲೆಹಾಕಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುಮಾಡಿದ ಊರು ಇದು. ಅವ್ವ ಎರಡು ಬೆರಳಿನಿಂದ ವಚನದ ಅಕ್ಷರ ಹಿಗ್ಗಿಸಿಕೊಂಡು, ಚಷ್ಮಾ ಪಕ್ಕಕ್ಕಿಟ್ಟು ಓದುತ್ತಾಳೆ.

ಈ ಯಂತ್ರದ ನಿಜವಾದ ಕಸುವು ಕಂಡದ್ದು ತಿಕೋಟಾದ ಕಾಕಾನ ಮನೆಯಲ್ಲಿ. ತೊರವಿ ದಾಟಿ ಅಥಣಿ ರಸ್ತೆ ಹಿಡಿದರೆ ದ್ರಾಕ್ಷಿಯ ಸೀಮೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗೊನೆಗಳನ್ನು ಕೊಯ್ದು, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರವುತ್ತಾರೆ. ಸಿಪ್ಪೆಯ ಮೇಲಿನ ಮೇಣ ಸಡಿಲಾಗಿ ನೀರಿನಂಶ ಬೇಗ ಹೊರಬೀಳುತ್ತದೆ. ಎರಡು ಮೂರು ವಾರಕ್ಕೆ ಮನೂಕ, ಅಂದರೆ ಒಣದ್ರಾಕ್ಷಿ. ಖರ್ಚಿನ ಬಾಬು ಹಲವು: ಎಣ್ಣೆ, ಆಳು, ಬಾಕ್ಸ್, ಸಾಂಗಲಿಗೆ ಒಯ್ಯುವ ಗಾಡಿ ಬಾಡಿಗೆ. ಕಾಕಾನ ಮನೆಯಲ್ಲಿ ಈ ಲೆಕ್ಕವೆಲ್ಲ ಮಗನ ಮೊಬೈಲಿನಲ್ಲಿ ಇತ್ತು. ಕಾಕು ಅದನ್ನು ಕಣ್ಣಿಂದ ಕಂಡವಳೇ ಅಲ್ಲ. ಒಂದು ಸಲ ನಮ್ಮ ಯಂತ್ರವನ್ನು ಅಲ್ಲಿಗೆ ಒಯ್ದು, ಲೆಕ್ಕವನ್ನು ದೊಡ್ಡ ಪರದೆಗೆ ತಂದು ಜಮಖಾನದ ಮೇಲಿಟ್ಟೆವು. ಚಹಾದ ಕಪ್ಪು ತಂದವಳು ಅಲ್ಲಿಯೇ ಕೂತಳು. ಸ್ವಲ್ಪ ಹೊತ್ತು ನೋಡಿ, “ತಮ್ಮಾ, ಇಲ್ಲಿ ಹೆಣ್ಣಾಳಿನ ಪಗಾರ ಎರಡ ದಿನದ್ದ ಬಿಟ್ಟೈತಲ್ಲೋ” ಅಂದಳು. ಅದು ಹೌದಾಗಿತ್ತು. “ನೀ ಮೊದಲ ಯಾಕ ಹೇಳಲಿಲ್ಲ?” ಎಂದ ಕಾಕಾ. “ತೋರಿಸಿದ್ರ ಹೇಳ್ತಿದ್ನಲ್ರೀ.” ಆಳುಗಳನ್ನು ಕರೆಯುವವಳು, ಅವರಿಗೆ ಬುತ್ತಿ ಕಟ್ಟುವವಳು, ಹಾಜರಿ ಬಾಯಿಪಾಠ ಇದ್ದವಳು ಅವಳೇ. ಅವಳ ಕಣ್ಣಿಗೆ ಲೆಕ್ಕ ಬಿದ್ದದ್ದರಿಂದ ಹೆಣ್ಣಾಳುಗಳ ಎರಡು ದಿನದ ಕೂಲಿ ತಪ್ಪದೆ ಉಳಿಯಿತು. ಅವತ್ತಿನಿಂದ ಈ ಯಂತ್ರದ ಭಾರದ ಬಗ್ಗೆ ಯಾರು ಏನಂದರೂ ನಾನು ಒಪ್ಪುವುದಿಲ್ಲ.  

ಬಬಲೇಶ್ವರದ ಅಕ್ಕನ ಮನೆಗೆ ಒಯ್ದರೆ ಅದು ಮಕ್ಕಳ ಪಾಲು. ಏಕಕಾಲಕ್ಕೆ ಹತ್ತು ಬೆರಳನ್ನು ಗುರುತಿಸುವ ಪರದೆ, ಹಾಗಾಗಿ ಇಬ್ಬರು ಮೂವರು ಕೂಡಿಯೇ ಚಿತ್ರ ತೆಗೆಯಬಹುದು. ಜಗಳ ಹುಟ್ಟುವುದು ದಿಕ್ಕಿನದು. ನಿಂತಾಗ ಯಾವುದು ಮೇಲು, ಯಾವುದು ಕೆಳಗು ಎಂದು ಒಳಗಿನ ಸೆನ್ಸರ್ ಭೂಮಿಯ ಸೆಳೆತದಿಂದ ತಿಳಿಯುತ್ತದೆ. ಪೂರ್ತಿ ಮಲಗಿಸಿದರೆ ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಎದುರು ಕೂತವರಿಗೆ ಅಕ್ಷರ ತಲೆಕೆಳಗು. ಅಕ್ಕನ ಸಣ್ಣ ಮಗಳೇ ಉಪಾಯ ಕಂಡುಕೊಂಡಳು: ಓದುವವರಿಗೆ ದೂರವಿರುವ ಅಂಚನ್ನು ತುಸು ಎತ್ತಿದರೆ ಪರದೆ ಅವರ ಕಡೆ ತಿರುಗುತ್ತದೆ.

ಅವಳಿಗೆ ಗೋಲಗುಂಬಜ್ ತೋರಿಸಿಕೊಂಡು ಬಂದ ದಿನ ಒಂದು ಪ್ರಶ್ನೆ ಎತ್ತಿದಳು. “ಮಾಮಾ, ಕೆಳಗ ಗ್ವಾಡಿ ಚೌಕ ಅದಾವ, ಮ್ಯಾಲಿನ ಗುಂಬಜ ದುಂಡಗ ಹೆಂಗ ಕುಂತೈತಿ?” 1656ರಲ್ಲಿ ಮುಗಿದ ಕಟ್ಟಡ, ಒಳಗಿನ ಅಡ್ಡಳತೆ ಸುಮಾರು 38 ಮೀಟರ್, ನಡುವೆ ಒಂದು ಕಂಬವೂ ಇಲ್ಲ. ಪರದೆಯ ಮೇಲೆ ಒಂದು ಚೌಕ ಬರೆದೆ. ಅದರ ಮೇಲೆ ಓರೆಯಾಗಿ ತಿರುಗಿಸಿದ ಇನ್ನೊಂದು ಚೌಕವನ್ನು ಅವಳ ಬೆರಳಿಂದಲೇ ಎಳೆಸಿದೆ. ಎಂಟು ಮೂಲೆಯ ನಕ್ಷತ್ರವಾಯಿತು. ಒಳಗಿನ ಕಮಾನುಗಳು ಒಂದನ್ನೊಂದು ಕತ್ತರಿಸಿ ಹೋಗುವುದು ಈ ಗೆರೆಗಳ ಮೇಲೆಯೇ. ಅವು ಹೆಣೆದುಕೊಂಡ ನಡುವಿನ ಎಂಟುಮೂಲೆಯೊಳಗೆ ಅವಳೇ ಒಂದು ವರ್ತುಳ ಬರೆದಳು. ಎದುರು ಕೂತಿದ್ದ ಅವಳ ಅಣ್ಣ ತನಗೂ ಕಾಣಲೆಂದು ಅಂಚು ಎತ್ತಿದ. ಅಡುಗೆಮನೆಯಿಂದ ಅಕ್ಕ ಬಂದು, “ಎಲ್ಲಿ, ನನಗೂ ತೋರಸ್ರಿ” ಅಂದಳು. ಇಬ್ಬರೂ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು.

2025ರ ಅಕ್ಟೋಬರಿಗೆ ವಿಂಡೋಸ್ 10ರ ಬೆಂಬಲ ನಿಂತಿದೆ, ನಮ್ಮ ಈ ಹಳೆಯ ಯಂತ್ರಕ್ಕೆ 11 ಹತ್ತುವುದಿಲ್ಲ. ಲಿನಕ್ಸ್ ಹಾಕಿಕೊಡುತ್ತೇನೆ, ಕನ್ನಡವೂ ಸಲೀಸು ನಡೆಯುತ್ತದೆ ಎಂದು ಕಾಕಾನ ಮಗ ಹೇಳಿದ್ದಾನೆ. ದ್ರಾಕ್ಷಿ ಕೊಯ್ಲಿಗೆ ಮೊದಲೇ ಮುಗಿಸು ಎಂದಿದ್ದೇನೆ. ಯಾಕೆಂದರೆ ಈ ಸಲ ಲೆಕ್ಕದ ದಿನ ಯಾವಾಗ ಎಂದು ಕಾಕು ಈಗಲೇ ಫೋನ್ ಮಾಡಿ ಕೇಳಿದ್ದಾಳೆ.